‘ನೋ ವರೀಸ್’ ಎನ್ನುವ ಊರಿನಲ್ಲಿ ಇದ್ದತ್

ನನ್ನ ಗಂಡನ ಗೋರಿ ತೋಡಿದವನಿಗೆ ನಾನು ಥ್ಯಾಂಕ್ಯೂ ಅಂದೆ. ಅವನು ಹಳದಿ ಯಂತ್ರದ ಮೇಲೆ ಕೂತಲ್ಲಿಂದಲೇ ಒಂದು ಕೈ ಎತ್ತಿ, ‘ನೋ ವರೀಸ್’ ಅಂದ.

ಪದಕ್ಕೆ ಪದ ಇಟ್ಟು ನೋಡಿದರೆ ‘ಚಿಂತೆಗಳಿಲ್ಲ’ ಎಂದರ್ಥ. ಮಣ್ಣು ಇನ್ನೂ ಹಸಿಯಾಗಿತ್ತು. ನನ್ನ ಮಗಳು ಸನಾ ನನ್ನ ಸೆರಗು ಹಿಡಿದು ನಿಂತಿದ್ದಳು. ಆಗ ಆ ಮನುಷ್ಯ ನನಗೆ ಚಿಂತೆಗಳಿಲ್ಲ ಎಂದು ಹೇಳಿ, ಯಂತ್ರ ತಿರುಗಿಸಿಕೊಂಡು ಹೊರಟುಹೋದ. ಅವನು ಕೆಟ್ಟವನಲ್ಲ. ಮಣ್ಣು ಎಳೆಯುವಾಗ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದನ್ನು ನಾನೇ ನೋಡಿದ್ದೆ.

ನಮ್ಮ ಹಿರಿಯೂರಿನಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗುವುದಿಲ್ಲ. ಮನೆಯಿಂದಲೇ ಕಳಿಸಿಕೊಡುತ್ತೇವೆ. ಗುದ್ದಲಿ ಹಿಡಿಯುವವರು ಅಕ್ಕಪಕ್ಕದವರೇ, ಮಣ್ಣು ಹಾಕಲು ಇಡೀ ಬೀದಿಯೇ ಹೋಗುತ್ತದೆ. ಇಲ್ಲಿ ಹೋಗಲು ಜನವೇ ಇರಲಿಲ್ಲ. ಆಸ್ಟ್ರೇಲಿಯಾದ ಒಳನಾಡಿನಲ್ಲಿ, ಗೋಧಿ ಮತ್ತು ಕುರಿಗಳ ನಡುವೆ ಇರುವ ಸಣ್ಣ ಊರು ನಮ್ಮದು. ಮಸೀದಿ ಇರುವುದು ಕಾರಿನಲ್ಲಿ ಬಹಳ ದೂರ ಹೋದ ಮೇಲೆ ಸಿಗುವ ದೊಡ್ಡ ಊರಿನಲ್ಲಿ. ಅಲ್ಲಿಯ ಸ್ಮಶಾನದ ಒಂದು ಮೂಲೆಯನ್ನು ನಮ್ಮವರಿಗೆ ಬಿಟ್ಟಿದ್ದಾರೆ. ಮಸೀದಿಯಿಂದ ಬಂದ ಕೆಲವರು, ಗುರುತಿಲ್ಲದವರು, ನಮಾಜು ಮಾಡಿ ನನ್ನ ಗಂಡನನ್ನು ಗೋರಿಗೆ ಇಳಿಸಿದರು. ನಾನು ಮಗಳೊಂದಿಗೆ ಬೇಲಿಯ ಪಕ್ಕ ನಿಂತಿದ್ದೆ.

ನನ್ನ ಗಂಡ ದಾದಾಪೀರ್ ಮೆಕ್ಯಾನಿಕ್. ನಾವು ಪಿಂಜಾರರು. ಅವರ ತಾತ ಹತ್ತಿ ಎಕ್ಕಿ ಹಾಸಿಗೆ ಹೊಲಿಯುತ್ತಿದ್ದರಂತೆ. ಹೈವೇಯಲ್ಲಿ ಲಾರಿ ಹೆಚ್ಚಾದಂತೆ ಮಗ, ಮೊಮ್ಮಗ ಇಬ್ಬರೂ ಗ್ಯಾರೇಜಿಗೆ ಬಂದರು. ಟ್ರ್ಯಾಕ್ಟರು, ಕಟಾವು ಯಂತ್ರ ಎಂದರೆ ಇವರಿಗೆ ಪ್ರಾಣ. ಆ ಕೈಗುಣವೇ ನಮ್ಮನ್ನು ಇಲ್ಲಿಗೆ ಕರೆತಂದಿತು. ಟೆರ್ರಿ ಎಂಬವರ ವರ್ಕ್‌ಶಾಪಿನಲ್ಲಿ ಕೆಲಸ, ಕೆಲಸದ ಜೊತೆಗೆ ವರ್ಕ್‌ಶಾಪಿನ ಹಿಂದಿನ ತಗಡಿನ ಮಾಡಿನ ಮನೆ. ಒಂದು ಬೆಳಿಗ್ಗೆ ಅದೇ ವರ್ಕ್‌ಶಾಪಿನಲ್ಲಿ, ಸ್ಪ್ಯಾನರ್ ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಇಷ್ಟು ಹೇಳಿದರೆ ಸಾಕು ಅನಿಸುತ್ತದೆ. ಹೆಚ್ಚು ಬರೆಯಲು ನನಗೆ ಕೈ ಬರುವುದಿಲ್ಲ.

ನೋ ವರೀಸ್ ಎಂಬ ಮಾತನ್ನು ಇವರು ಬಂದ ಮೊದಲ ತಿಂಗಳಲ್ಲೇ ಕಲಿತಿದ್ದರು. ಅದಕ್ಕೆ ಅಕ್ಕ ತಂಗಿಯರಂತೆ ಇನ್ನೂ ಹಲವು ಮಾತುಗಳಿವೆ. ‘ಆಲ್ ಗುಡ್’ ಅನ್ನುತ್ತಾರೆ, ‘ಟೂ ಈಸಿ’ ಅನ್ನುತ್ತಾರೆ, ‘ಯು ಆರ್ ರೈಟ್’ ಅನ್ನುತ್ತಾರೆ. ಎಲ್ಲಕ್ಕಿಂತ ವಿಚಿತ್ರವಾದದ್ದು ‘ಶೀ ವಿಲ್ ಬಿ ರೈಟ್’. ಅವಳು ಸರಿಹೋಗುತ್ತಾಳೆ ಎಂದು. ಕೆಟ್ಟ ಇಂಜಿನ್, ಬಾರದ ಮಳೆ, ಮುರಿದ ಬೇಲಿ, ಯಾವುದಾದರೂ ಸರಿ, ಅವಳು ಸರಿಹೋಗುತ್ತಾಳೆ. ಇವರು ಒಮ್ಮೆ ಫೋನಿನಲ್ಲಿ ತಮ್ಮ ತಾಯಿಗೂ ಹಾಗೇ, ಕನ್ನಡದಲ್ಲೇ, ಅಂದುಬಿಟ್ಟರು. ಅತ್ತೆ ಅಲ್ಲಿಂದಲೇ ಕೂಗಿದರು.

“ಯಾರ್ಲೇ ಅವ್ಳು?”

“ಯಾರೂ ಇಲ್ಲಮ್ಮ. ಇಲ್ಲಿ ಹಂಗಂತಾರೆ.”

“ಹಂಗಂತಾರೆ ಅಂತ ನೀನೂ ಅಂತೀಯೇನ್ಲೇ? ಶಂಷಾದ್‌ಗೆ ಫೋನ್ ಕೊಡು ಮೊದ್ಲು.”

ನಾವು ಮೂವರೂ ನಕ್ಕು ಸುಸ್ತಾಗಿದ್ದೆವು. ನಮ್ಮ ಕಡೆಯೂ ಇಂಥ ಮಾತಿಲ್ಲವೆಂದಲ್ಲ. ‘ಪರವಾಗಿಲ್ಲ’, ‘ಇರ್ಲಿ ಬಿಡ್ರಿ’, ‘ಏನಾಗಲ್ಲ’ ಎಂದು ದಿನಕ್ಕೆ ಎಷ್ಟು ಸಲ ಅನ್ನುತ್ತೇವೆ! ಆದರೆ ನಮ್ಮೂರಿನಲ್ಲಿ ಪರವಾಗಿಲ್ಲ ಅಂದವರ ಮುಖ ಗೊತ್ತು, ಅವರ ಅಪ್ಪನ ಮುಖ ಗೊತ್ತು. ಬಾಯಿ ಏನೇ ಅನ್ನಲಿ, ಬಾಗಿಲಲ್ಲಿ ನಿಂತ ರೀತಿಯಲ್ಲೇ ತಿಳಿದುಹೋಗುತ್ತದೆ. ಇಲ್ಲಿ ನನಗೆ ಮಾತು ಮಾತ್ರ ಸಿಗುತ್ತದೆ, ಅದರ ಹಿಂದಿನ ಮುಖ ಓದಲು ಬರುವುದಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ ಟೆರ್ರಿ ಮನೆ ಬಾಗಿಲಿಗೆ ಬಂದರು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಇವರ ಊಟದ ಡಬ್ಬಿ, ಚಳಿಯ ಕೋಟು ತಂದು ಕೊಟ್ಟರು. ನಾನು ಹಿಂದಿನ ದಿನವಿಡೀ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷಿನಲ್ಲಿ, ನಾವು ಈ ಮನೆಯಲ್ಲೇ ಇರಬಹುದೇ ಎಂದು ಕೇಳಿದೆ. ಅವರು ತಮ್ಮ ಬೂಟು ನೋಡಿಕೊಂಡು, ‘ಯಾ, ನೋ ವರೀಸ್’ ಅಂದು, ತಿರುಗಿ ಹೋದರು.

ನಾನು ಈ ಮನೆಯನ್ನು ಯಾಕೆ ಅಷ್ಟು ಹಿಡಿದುಕೊಂಡೆ ಎಂಬುದನ್ನು ನಮ್ಮ ಧರ್ಮದವರಲ್ಲದ ಓದುಗರಿಗೆ ಹೇಳಬೇಕು. ಗಂಡ ತೀರಿಕೊಂಡ ಹೆಂಗಸು ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ, ಅವನೊಂದಿಗೆ ಬಾಳಿದ ಮನೆಯಲ್ಲೇ ಇರುತ್ತಾಳೆ. ಇದಕ್ಕೆ ಇದ್ದತ್ ಕೂರುವುದು ಅನ್ನುತ್ತೇವೆ. ತೀರಾ ಅಗತ್ಯವಿದ್ದರೆ ಹಗಲು ಹೊರಗೆ ಹೋಗಿ ಬರಬಹುದು ಎಂದು ದೊಡ್ಡ ಊರಿನ ಇಮಾಮ್ ಸಾಹೇಬರು ಫೋನಿನಲ್ಲಿ ಹೇಳಿದರು. ಅತ್ತೆ ಮಾತ್ರ, “ಬಾಗ್ಲು ದಾಟಬ್ಯಾಡ ಶಂಷಾದ್. ಅವನ ಹಕ್ಕು ಅದು. ಅವನು ಉಸಿರಾಡಿದ ಮನೆ ಐತಲ್ಲ, ಅಲ್ಲೇ ಕುಂತ್ಕ” ಅಂದರು. ನನಗೂ ಅದೇ ಬೇಕಾಗಿತ್ತು. ನಾನು ಕೆಲಸ ಮಾಡುತ್ತಿದ್ದ ವೃದ್ಧರ ಮನೆಯ ಅಡುಗೆಮನೆಯವರು ರಜೆ ಕೊಟ್ಟರು. ಸನಾ ಶಾಲೆಗೆ ಹೋಗಿ ಬರುತ್ತಿದ್ದಳು, ಅಂಗಡಿಯ ಸಾಮಾನೂ ಅವಳೇ ತರುತ್ತಿದ್ದಳು. ದೇಶದಲ್ಲಿ ಉಳಿಯಲು ನಮ್ಮ ಕಾಗದಪತ್ರ ಸರಿಯಿತ್ತು. ಕಾಲೂರಿ ಉಳಿಯಲು ಮನೆ ಇದೆಯೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಮನೆ ಕೆಲಸದ್ದು, ಕೆಲಸ ಮಾಡುವವರು ಇಲ್ಲ.

‘ಯಾ, ನೋ ವರೀಸ್’ ಅಂದರೆ ಏನು? ಇರು ಎಂದೇ? ಈಗ ಆ ಮಾತು ಬೇಡ ಎಂದೇ? ಅಳುವ ಹೆಂಗಸಿನ ಮುಂದಿನಿಂದ ತಪ್ಪಿಸಿಕೊಳ್ಳಲು ಆಡಿದ ಮಾತೇ? ಸನಾಳನ್ನು ಕೇಳಿದೆ. ಹನ್ನೆರಡರ ಹುಡುಗಿ, ಈ ಊರಿನ ಇಂಗ್ಲಿಷು ಅವಳ ಬಾಯಲ್ಲಿ ನೀರಿನ ಹಾಗೆ ಹರಿಯುತ್ತದೆ.

“ಅಮ್ಮಾ, ಅದಕ್ಕೆ ಅರ್ಥ ಇರಲ್ಲ. ಥ್ಯಾಂಕ್ಸ್ ಅಂದ್ರೂ ಅಂತಾರೆ, ಸಾರಿ ಅಂದ್ರೂ ಅಂತಾರೆ. ಚೀಲ ಬೇಡ ಅಂದ್ರೂ ಅಂತಾರೆ. ಬರ್ತ್‌ಡೇಗೆ ಬರಕ್ಕಾಗಲ್ಲ ಅಂದ್ರೂ ಅಂತಾರೆ.”

“ಬರಲ್ಲ ಅಂದ್ರೆ ಬೇಜಾರಾಗಲ್ವ ಅವ್ರಿಗೆ?”

“ಆಗಿದ್ರೂ ಅದನ್ನೇ ಅಂತಾರೆ.”

ಆ ಕೊನೆಯ ಮಾತು ನನ್ನ ನಿದ್ದೆ ಕೆಡಿಸಿತು.

ಸಾವಿನ ಮನೆಗೆ ಇಲ್ಲಿಯ ಜನ ಬರುವುದು ಬಾಗಿಲವರೆಗೆ ಮಾತ್ರ. ಹಿರಿಯೂರಿನಲ್ಲಾದರೆ ಒಲೆ ಹಚ್ಚಲು ಬಿಡದೆ ಅನ್ನ ಸಾರು ಹೊತ್ತು ತರುತ್ತಾರೆ, ತಂದವರು ಒಳಗೆ ಬಂದು ಗೋಡೆಗೆ ಒರಗಿ ಕೂರುತ್ತಾರೆ, ಎರಡು ತುತ್ತು ತಿನ್ನುವವರೆಗೆ ಬಿಡುವುದಿಲ್ಲ. “ಏಳವ್ವ, ನೀನು ಉಪವಾಸ ಬಿದ್ರೆ ಹೋದವ್ರು ಬತ್ತಾರಾ?” ಎಂದು ಬೈಯುತ್ತಾರೆ. ಮನೆ ಒಂದು ಗಳಿಗೆ ಖಾಲಿ ಇರುವುದಿಲ್ಲ. ಇಲ್ಲಿ ಮೆಟ್ಟಿಲ ಮೇಲೆ ಗಾಜಿನ ಪಾತ್ರೆ ಇಟ್ಟು ಹೋಗುತ್ತಾರೆ. ಬಾಗಿಲು ಕೂಡ ತಟ್ಟುವುದಿಲ್ಲ. ಪಾತ್ರೆಯ ತಳಕ್ಕೆ ಅಂಟಿನ ಪಟ್ಟಿ, ಅದರ ಮೇಲೆ ಮನೆಯವರ ಹೆಸರು. ಮೊದಲು ಮಾಂಸದ ಅಡುಗೆಯೇ ಬಂತು. ಹಲಾಲ್ ಅಲ್ಲದ ಆ ಮಾಂಸ ನಾವು ತಿನ್ನುವುದಿಲ್ಲ ಎಂದು ಸನಾ ಟೆರ್ರಿಯವರ ಹೆಂಡತಿ ಜೋನ್‌ಗೆ ಹೇಳಿದಳು. ಅವರೂ ನೋ ವರೀಸ್ ಅಂದರಂತೆ. ಆದರೆ ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮಾರನೆಯ ದಿನದಿಂದ ಮೆಟ್ಟಿಲ ಮೇಲೆ ಕುಂಬಳಕಾಯಿ, ಆಲೂಗಡ್ಡೆ, ಮೊಟ್ಟೆಯ ಅಡುಗೆಗಳೇ ಬಂದವು. ಊರಿಡೀ ಸುದ್ದಿ ಮುಟ್ಟಿಸಿದ್ದರು.

ಪಾತ್ರೆಗಳನ್ನು ತೊಳೆದು ಒರೆಸಿ ಅಡುಗೆಮನೆಯ ಕಟ್ಟೆಯ ಮೇಲೆ ಜೋಡಿಸಿದೆ. ಹಿಂತಿರುಗಿಸಲಿಲ್ಲ. ಓದುಗರಲ್ಲಿ ನಮ್ಮ ಕಡೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟ ಪಾತ್ರೆಯನ್ನು ಬರಿದಾಗಿ ಯಾರು ಕಳಿಸುತ್ತಾರೆ? ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಆದರೆ ಇದ್ದತ್ ಕೂತ ಮನೆಯಿಂದ ತುಂಬಿದ ಪಾತ್ರೆ ಹೊರಗೆ ಹೋಗುವುದು ನಮ್ಮ ಅತ್ತೆಯ ಮನೆತನದಲ್ಲಿ ಇಲ್ಲ. ಬರಿದು ಕಳಿಸುವಂತಿಲ್ಲ, ತುಂಬಿ ಕಳಿಸುವಂತಿಲ್ಲ. ಹಾಗಾಗಿ ಪಾತ್ರೆಗಳು ಇದ್ದಲ್ಲೇ ಇದ್ದವು, ನಾನೂ ಇದ್ದಲ್ಲೇ ಇದ್ದೆ.

ನಿಧಾನವಾಗಿ ಮೆಟ್ಟಿಲ ಮೇಲೆ ಏನೂ ಬರದಾಯಿತು. ಅದು ಸಹಜವೇ. ಆದರೆ ಸನಾ ಒಂದು ಸಂಜೆ ಶಾಲೆಯಿಂದ ಬಂದು, “ಅಮ್ಮಾ, ಅವ್ರ ಪಾತ್ರೆ ಯಾಕೆ ಕೊಡ್ತಿಲ್ಲ ಅಂತ ನಮ್ ಕ್ಲಾಸಲ್ಲಿ ಒಬ್ಳು ಕೇಳಿದ್ಲು” ಅಂದಳು. ಅವರ ಮನೆಗೆ ನೆಂಟರು ಬರುವವರಿದ್ದರಂತೆ, ಅದೊಂದೇ ದೊಡ್ಡ ಪಾತ್ರೆಯಂತೆ.

“ನೀನೇನಂದೆ?”

“ಸಾರಿ ಅಂದೆ. ನೋ ವರೀಸ್ ಅಂದ್ಲು.” ಶಾಲೆಯ ಚೀಲ ಇಳಿಸಿ, “ಆದ್ರೆ ಇದು ಬೇರೆ ಥರದ್ದು” ಅಂದಳು.

ಅಂದರೆ ಅರ್ಥವಿಲ್ಲದ ಮಾತಿಗೂ ಬೇರೆ ಬೇರೆ ಥರಗಳಿವೆ. ಪರದೆ ಎಳೆದ ಕಿಟಕಿಯ ಹಿಂದೆ ಕೂತು ನಾನು ಅವನ್ನು ಆಲಿಸತೊಡಗಿದೆ. ವರ್ಕ್‌ಶಾಪಿನ ಅಂಗಳ ನಮ್ಮ ಕಿಟಕಿಗೆ ಹತ್ತಿರ. ರೈತರು ಬಂದು ಹೋಗುವಾಗಿನ ಮಾತೆಲ್ಲ ಕೇಳುತ್ತಿತ್ತು. ಟೆರ್ರಿಯ ನೋ ವರೀಸ್ ಒಮ್ಮೆ ನಗುತ್ತ ಬರುತ್ತಿತ್ತು, ಒಮ್ಮೆ ಹಲ್ಲು ಕಚ್ಚಿ ಬರುತ್ತಿತ್ತು. ಕೆಲಸ ಯಾವಾಗ ಆಗುತ್ತದೆ ಎಂದು ಯಾರೋ ರೇಗಿದರೆ, ಬಾಗಿಲು ಮುಚ್ಚಿದ ಹಾಗೆ ಬರುತ್ತಿತ್ತು. ನನಗೆ ಅಂದದ್ದು ಇವುಗಳಲ್ಲಿ ಯಾವುದು ಎಂದು ನೆನಪು ಮಾಡಿಕೊಳ್ಳಲು ಹೋದರೆ ಅವರ ಬೂಟು ಮಾತ್ರ ಕಣ್ಣಿಗೆ ಬರುತ್ತಿತ್ತು. ಇವರು ಇಲ್ಲದೆ ಕೆಲಸ ಹಿಂದೆ ಬೀಳುತ್ತಿರುವುದು ನನಗೂ ತಿಳಿಯುತ್ತಿತ್ತು. ಒಂದು ಕಟಾವು ಯಂತ್ರ, ಇವರು ಅರ್ಧ ಬಿಚ್ಚಿಟ್ಟದ್ದು, ಹಾಗೇ ಅಂಗಳದಲ್ಲಿ ನಿಂತಿತ್ತು.

ಒಂದು ಮಧ್ಯಾಹ್ನ ಟೆರ್ರಿ ಬೇರೊಬ್ಬನನ್ನು ಕರೆದುಕೊಂಡು ಅಂಗಳಕ್ಕೆ ಬಂದರು. ಮೂವತ್ತೈದರ ಆಸುಪಾಸಿನ ಗಂಡಸು. ಇಬ್ಬರೂ ಯಂತ್ರದ ಮುಂದೆ ನಿಂತರು. ಆಮೇಲೆ ಮನೆಯ ಕಡೆ ತಿರುಗಿದರು. ಆ ಮನುಷ್ಯ ಮಾಡು ನೋಡಿದ, ನೀರಿನ ತೊಟ್ಟಿ ನೋಡಿದ, ಕಿಟಕಿಯತ್ತ ನೋಡಿದ. ನಾನು ಪರದೆಯ ಹಿಂದೆ ಸರಿದು ನಿಂತೆ. ಅವರು ಒಳಗೆ ಬರಲಿಲ್ಲ. ಟೆರ್ರಿ ಕೈ ಅಲ್ಲಾಡಿಸಿ ಏನೋ ಹೇಳಿ ಅವನನ್ನು ಕರೆದುಕೊಂಡು ಹೋದರು.

ಅವತ್ತಿನಿಂದ ಕಾರಿನ ಸದ್ದಾದರೆ ಕಿಟಕಿಗೆ ಓಡುತ್ತಿದ್ದೆ. ಸೂಟ್‌ಕೇಸು ಇಳಿಸಿ ಇವರ ಅಂಗಿಗಳನ್ನು ತುಂಬಿದೆ, ಮತ್ತೆ ತೆಗೆದು ಬೀರುವಿಗೆ ಇಟ್ಟೆ. ಇದ್ದತ್ ಮುಗಿಯುವ ಮೊದಲೇ ಬಿಡಿಸಿದರೆ? ಸನಾಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಈ ಊರಿನಲ್ಲಿ ಬಾಡಿಗೆಗೆ ಮನೆ ಖಾಲಿ ಬೀಳುವುದು ಅಪರೂಪ. ಹೊಸದುರ್ಗದ ನನ್ನ ತವರಿನವರಿಗೆ ಹೇಳಲಿಲ್ಲ, ಹೇಳಿದರೆ ಎದ್ದು ಬಾ ಅನ್ನುತ್ತಾರೆ. ಅತ್ತೆಗೆ ಹೇಳಿದೆ.

“ಹೋಗಿ ಕೇಳವ್ವ ಅವಯ್ಯನ್ನ” ಅಂದರು.

“ಬಾಗ್ಲು ದಾಟಬ್ಯಾಡ ಅಂದಿದ್ರಲ್ಲ ಅತ್ತೆ.”

“ಅಂದಿದ್ದೆ. ಈಗ್ಲೂ ಅದೇ ಅಂತೀನಿ.” ಆಮೇಲೆ ತಾವೇ, “ಅವ್ರೇ ಬರ್ಲಿ ಬಿಡು. ಸಾವಾಗಿರಾ ಮನಿಗೆ ಅವ್ರೇ ಬರ್ಬೇಕು” ಅಂದರು.

ಅವರು ಬರಲಿಲ್ಲ.

ಇದ್ದತ್ ಮುಗಿದ ದಿನ ಸ್ನಾನ ಮಾಡಿ, ನಮಾಜು ಮುಗಿಸಿ, ಸಿಹಿ ಮಾಡಲು ಕೂತೆ. ಮೊದಲು ಶೇಂಗಾ ಉಂಡೆ ಅಂದುಕೊಂಡಿದ್ದೆ. ಸನಾ ಹೌಹಾರಿದಳು. “ಶೇಂಗಾ ಬೇಡಮ್ಮ! ಇಲ್ಲಿ ಕೆಲವರಿಗೆ ಆಗಲ್ಲ, ಉಸಿರು ಕಟ್ಟುತ್ತೆ, ಆಸ್ಪತ್ರೆಗೆ ಹಾಕ್ಬೇಕಾಗುತ್ತೆ.” ಶೇಂಗಾ ಬೆಳೆಯುವ ಸೀಮೆಯಿಂದ ಬಂದ ನನಗೆ ಅದನ್ನು ನಂಬುವುದೇ ಕಷ್ಟವಾಯಿತು. ಆದರೂ ಭಯವಾಗಿ ಡಬ್ಬಿಯನ್ನೇ ಮುಚ್ಚಿಟ್ಟೆ. ಮಲೀದ ಮಾಡಿದೆ. ಬಿಸಿ ಚಪಾತಿ ಮುರಿದು, ಬೆಲ್ಲ ತುಪ್ಪ ಏಲಕ್ಕಿ ಕೂಡಿಸಿ, ಕೈಯಲ್ಲೇ ಹಿಸುಕಿ ಪುಡಿ ಮಾಡುವ ಸಿಹಿ ಅದು. ಇವರ ಹೆಸರಿನಲ್ಲಿ ಫಾತಿಹಾ ಓದಿದೆ. ಪ್ರತಿ ಪಾತ್ರೆಗೂ ಅಷ್ಟಷ್ಟು ತುಂಬಿ, ಸಾಮಾನು ತಳ್ಳುವ ಗಾಡಿಯಲ್ಲಿ ಬಟ್ಟೆ ಹಾಸಿ ಇಟ್ಟೆ. ಬಾಗಿಲು ದಾಟಿದಾಗ ಬಿಸಿಲಿಗೆ ಕಣ್ಣು ಮುಚ್ಚಿಹೋಯಿತು.

ಮೊದಲ ಮನೆಯಲ್ಲಿ ಹೆಣ್ಣುಮಗಳು ಪಾತ್ರೆ ತೆಗೆದುಕೊಂಡು, ಒಳಗಿರುವುದನ್ನು ನೋಡಿ ಗಾಬರಿಯಾದಳು. ತಾನು ಕೊಟ್ಟ ಅಡುಗೆಯೇ ನಾಲ್ಕು ತಿಂಗಳ ಮೇಲೆ ಹಿಂದಕ್ಕೆ ಬಂತು ಎಂದುಕೊಂಡಳೇನೋ! ಸನಾ ನಗುತ್ತ ಬಿಡಿಸಿ ಹೇಳಿದಳು. ಪಾತ್ರೆ ಯಾಕೆ ತಡವಾಯಿತು ಎಂಬುದನ್ನೂ ಹೇಳಿದಳು. ಆ ಹೆಣ್ಣುಮಗಳು ನನ್ನ ಕೈ ಹಿಡಿದುಕೊಂಡಳು. ಬಟ್ಟೆ ಅಂಗಡಿ ಮುಚ್ಚಿ ಬಹಳ ದಿನವಾದ ಒಬ್ಬ ವೃದ್ಧೆ, ಒಳಗೆ ಕರೆದು ಕೂರಿಸಿ ಟೀ ಕೊಟ್ಟರು. ಗಂಡ ಹೋದ ಮೇಲೆ ತಾನೂ ವಾರಗಟ್ಟಲೆ ಪರದೆ ತೆಗೆದಿರಲಿಲ್ಲ, ಆಗ ಯಾರೂ ಬರದಿದ್ದದ್ದು ಮೇಲಾಯಿತು ಅನಿಸಿತ್ತು ಎಂದರು. ಪರದೆ ಎಳೆದಿದ್ದರೆ ಬರಬೇಡಿ ಎಂದರ್ಥವಂತೆ ಇಲ್ಲಿ. ನಾನು ಪರದೆ ಎಳೆದು, ಬರುವವರಿಗಾಗಿ ಕಾಯುತ್ತ ಕೂತಿದ್ದೆ.

ಟೆರ್ರಿಯವರ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಜೋನ್ ಬಾಗಿಲು ತೆಗೆದರು. ನೀಲಿ ಅಂಚಿನ ತಮ್ಮ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ತಮ್ಮ ತಾಯಿಯದೆಂದೂ, ಒಡೆದಿರಬೇಕು ಎಂದುಕೊಂಡಿದ್ದರೆಂದೂ, ಕೇಳಲು ನಾಚಿಕೆಯಾಯಿತೆಂದೂ ಹೇಳಿದರು. ಹಿಂದೆ ಟೆರ್ರಿ ನಿಂತಿದ್ದರು. ನಾನು ಸನಾಳಿಗೆ ಹೇಳು ಎನ್ನಲಿಲ್ಲ. ನನ್ನ ಇಂಗ್ಲಿಷಿನಲ್ಲೇ ಕೇಳಿದೆ. ನಾವು ಮನೆ ಯಾವಾಗ ಬಿಡಬೇಕು? ಹೊಸ ಮೆಕ್ಯಾನಿಕ್ ಬರುತ್ತಾನಲ್ಲ, ಯಾವಾಗ? ನೋ ವರೀಸ್ ಅನ್ನಬೇಡಿ, ದಯವಿಟ್ಟು, ದಿನ ಹೇಳಿ.

ಟೆರ್ರಿ ಬಾಯಿ ತೆರೆದವರು ಮುಚ್ಚಿದರು. ನಿಜವಾಗಿ ಅದೇ ಮಾತು ಬರುವುದರಲ್ಲಿತ್ತು, ನಾನು ಕಂಡೆ. ಜೋನ್ ಅವರ ತೋಳು ಹಿಡಿದರು. ಆಮೇಲೆ ಟೆರ್ರಿ ನಿಧಾನವಾಗಿ, ನನಗೆ ಅರ್ಥವಾಗಲೆಂದು ಬಿಡಿ ಬಿಡಿಯಾಗಿ ಹೇಳಿದರು. ಹೊಸಬನಿಗೆ ಇಬ್ಬರು ಮಕ್ಕಳು. ಗೋಧಿ ಕಟಾವು ಮುಗಿದ ಮೇಲೆ ಬಂದರೆ ಸಾಕು ಎಂದು ಅವನನ್ನು ತಡೆದಿದ್ದೇನೆ. ಅಲ್ಲಿಯವರೆಗೆ ಮನೆ ನಿಮ್ಮದು, ಆಮೇಲೆ ನನಗೆ ಬೇಕು. ದಾದಾ ಇಲ್ಲದೆ ವರ್ಕ್‌ಶಾಪು ನಡೆಯುತ್ತಿಲ್ಲ. ಇದನ್ನು ಹೇಳಲು ಎರಡು ಸಲ ನಿಮ್ಮ ಮೆಟ್ಟಿಲವರೆಗೆ ಬಂದೆ, ತಿರುಗಿ ಹೋದೆ.

‘ಆಮೇಲೆ ನನಗೆ ಬೇಕು.’ ಈ ದೇಶದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಗಟ್ಟಿಯಾದದ್ದು ಬೇರೆ ಇರಲಿಲ್ಲ. ಮನೆ ಹೋಗುತ್ತದೆ ಎಂದು ಅವರು ಹೇಳುತ್ತಿದ್ದರು, ನನ್ನ ಎದೆಯೋ ಹಗುರಾಗುತ್ತಿತ್ತು. ಅವತ್ತೇ ಟೆರ್ರಿ ಮಲೀದ ತಿಂದು, ಇದನ್ನು ದಾದಾ ಡಬ್ಬಿಯಲ್ಲಿ ತರುತ್ತಿದ್ದ, ನನಗೆ ಅರ್ಧ ಕೊಡುತ್ತಿದ್ದ ಅಂದರು. ನನಗೆ ಅದು ಗೊತ್ತೇ ಇರಲಿಲ್ಲ. ಅರ್ಧ ಕೊಟ್ಟು ಬಂದು, ಮನೆಯಲ್ಲಿ ಇನ್ನಷ್ಟು ಹಾಕು ಅನ್ನುತ್ತಿದ್ದರಲ್ಲ ಇವರು.

ಕಟಾವು ಮುಗಿಯುವ ಹೊತ್ತಿಗೆ ನಾವು ಮನೆ ಬಿಟ್ಟೆವು. ಈಗ ಇರುವುದು ಆ ವೃದ್ಧೆಯ ಮುಚ್ಚಿದ ಬಟ್ಟೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ. ನಾನು ಮತ್ತೆ ಅಡುಗೆಮನೆಯ ಕೆಲಸಕ್ಕೆ ಹೋಗುತ್ತಿದ್ದೇನೆ. ಊರಿಗೆ ಬರುವುದೋ, ಇಲ್ಲೇ ಇರುವುದೋ ಎಂಬುದು ತೀರ್ಮಾನವಾಗಿಲ್ಲ. ಅತ್ತೆಗೂ ತೀರ್ಮಾನವಿಲ್ಲ. ಹೋದ ವಾರ, “ಎದ್ದು ಬಾರವ್ವ, ಮೊಮ್ಮಗಳ ಮುಖ ನೋಡಿ ಎಷ್ಟು ದಿನ ಆತು” ಎಂದು ಅತ್ತರು. ಸರಿ ಅತ್ತೆ, ಬರುತ್ತೇನೆ ಅಂದೆ. ಕೂಡಲೇ ದನಿ ಬದಲಾಯಿತು. “ಬತ್ತೀನಿ ಅಂತೀಯಲ್ಲ, ಅವನ್ನ ಅಲ್ಲಿ ಯಾರ ಕೈಗೆ ಒಪ್ಸಿ ಬತ್ತೀಯ? ಶುಕ್ರವಾರ ಯಾರು ಹೋಗ್ತಾರೆ ಗೋರಿ ತಾವ?” ನನ್ನ ಉತ್ತರಕ್ಕೆ ಕಾಯದೆ ಹಿರಿಯೂರಿನ ಬಿಸಿಲಿನ ಸುದ್ದಿ ಹೇಳತೊಡಗಿದರು.

ನಿನ್ನೆ ಗೋರಿಗೆ ಹೋಗಿದ್ದೆ. ಜೋನ್ ಕಾರಿನಲ್ಲಿ ಕರೆದುಕೊಂಡು ಹೋದರು. ಮಣ್ಣು ಕೂತಿದೆ, ಮೇಲೆ ಒಣ ಹುಲ್ಲು ಬಂದಿದೆ. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ನಮ್ಮ ದುರ್ಗದ ಸೀಮೆಯಲ್ಲಿ ತಿರುಗುವ ಹಾಗೆಯೇ. ಬರುವಾಗ ದಾರಿಯಲ್ಲಿ ಜೋನ್ ಕೇಳಿದರು, ಮನೆಗೆ ಯಾವಾಗ ಹೋಗುತ್ತೀಯ ಎಂದು. ಅವರ ಬಾಯಲ್ಲಿ ಮನೆ ಎಂದರೆ ಹಿರಿಯೂರು. ಸನಾಳ ಶಾಲೆಯ ರಜೆಯಲ್ಲಿ ನೋಡಬೇಕು ಅಂದೆ. ಸಂಜೆ ಅಂಗಡಿಯ ಹಿಂದಿನ ಬಾಗಿಲು ತೆಗೆಯುತ್ತಿರುವಾಗ ಅತ್ತೆಯ ಫೋನು ಬಂತು. ಮೊದಲ ಮಾತೇ, “ಮನೆ ಸೇರಿದ್ಯಾ?”

ಸೇರಿದೆ ಅತ್ತೆ ಅಂದೆ. ಕೀಲಿ ಇನ್ನೂ ಬಾಗಿಲಲ್ಲೇ ಇತ್ತು. ಅದನ್ನು ತೆಗೆದು ಒಳಗಿಟ್ಟುಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.